ಉಪ್ಪು ಕೇಳುವ ಕಾಟಿ

ದುರ್ಗಿಗುಡಿಯಲ್ಲೊಂದು ಜೆರಾಕ್ಸ್ ಅಂಗಡಿಯ ಮಹಡಿ,
ಭಾನುವಾರ ಮಧ್ಯಾಹ್ನ, ಶಟರ್ ಅರ್ಧ ಎಳೆದದ್ದು.
ಇಪ್ಪತ್ತು ಮುಖದ ದಾಳ, ಪೆನ್ಸಿಲ್ಲು, ನಾಲ್ಕು ಹಾಳೆ.
ನನ್ನ ಹಾಳೆಯ ಮೇಲೆ, ಹೆಸರು: ಇರುಳ.
ಕಸುಬು: ಅಲೆಯುವುದು. ಆಯುಧ: ಕುಡುಗೋಲು.
ಷರಾ: ಇವನ ಮೈಯಲ್ಲಿ ಒಂದು ಕಾಟಿಯೂ ಇದೆ.

ಹುಲಿ ತಗೋ ಅಂದಿದ್ದ ವಿಲ್ಫ್ರೆಡ್, ಆಟ ನಡೆಸುವವನು,
ಹೋಗಲಿ ಚಿರತೆ ತಗೋ, ಕಾಟಿಯಿಂದ ಏನು ಸಾಹಸ?
ತಲೆ ಅಲ್ಲಾಡಿಸಿದೆ. ವಿವರಿಸಲಿಲ್ಲ.
ವಿವರಿಸುವುದು ನನಗೆ ಆಗದ ಕೆಲಸ.

ಹತ್ತರ ಮೇಲೆ ಬಿದ್ದರೆ ಮೈ ಇರುಳನದು,
ಹತ್ತೋ ಕೆಳಗೋ ಬಿದ್ದರೆ ಅದರದು.
ಆಗ ಬೆನ್ನು ಗುಡ್ಡದ ಏಣಿನಂತೆ ಏಳುತ್ತದೆ,
ಮೊಣಕಾಲ ಕೆಳಗೆ ಬಿಳಿ ಕಾಲುಚೀಲ,
ಗೊರಸಿನಿಂದ ಕುಡುಗೋಲು ಜಾರಿ ಬೀಳುತ್ತದೆ.
ಹಾರುವ ಬಾಣಗಳ ನಡುವೆ ನಿಂತು
ಅದು ಗಾಳಿ ಮೂಸುತ್ತದೆ:
ಎಲ್ಲಿ ಉಪ್ಪು?
ಬಿಲ್ಲುಗಾತಿ ಫೌಜಿಯಾ ಹಣೆ ಚಚ್ಚಿಕೊಂಡಳು,
ಮಾರಾಯ, ನಿನ್ನ ಕಾಟಿ ರಾಕ್ಷಸನ ಬೆವರು ನೆಕ್ತಾ ಇದೆ!
ನೆಕ್ಕಿತು. ಅವನಿಗೆ ಕಚಗುಳಿಯಾಗಿ
ಗದೆ ಬಿಟ್ಟು ಕೂತುಬಿಟ್ಟ.
ಇಲ್ಲಿಯವರೆಗೆ ನಮ್ಮ ದೊಡ್ಡ ಗೆಲುವು ಅದೊಂದೇ.

ಅದು ಬಂದಾಗ ನಾನು ಮಾತಾಡಬೇಕಿಲ್ಲ.
ನಿಜವೆಂದರೆ ಆರಿಸಿಕೊಂಡದ್ದೇ ಅದಕ್ಕೆ.
ಹುಲಿಯಾದರೆ ಗರ್ಜಿಸಬೇಕಾಗುತ್ತದೆ.

ಈ ವಾರ ಕೋಟೆಯ ಬಾಗಿಲು.
ವಿಲ್ಫ್ರೆಡ್ ದನಿ ಬದಲಿಸಿ ಭಟನಾದ:
ಒಂದು ಮೈಗೆ ಒಂದೇ ಹೆಸರು. ಬಂದವರು ಯಾರು?
ದಾಳ ಉರುಳಿ ಗಂಗಾಧರನ ಚಹಾ ಲೋಟಕ್ಕೆ ಬಡಿದು ನಿಂತಿತು.
ಹದಿನೇಳು.
ಮೈ ನನ್ನದು, ಬಾಯಿ ನನ್ನದು.
ಇರುಳ ಎಂದರಾಯಿತು, ಇ ಸುಲಭ, ಇಟ್ಟದ್ದೇ ಅದಕ್ಕೆ.
ಆದರೆ ಒಳಗಿನದು ಹಣೆ ಒಡ್ಡಿ ನಿಂತಿದೆ,
ನನ್ನನ್ನು ಬಿಟ್ಟು ಹೆಸರು ಹೇಳಬೇಡ ಎಂಬಂತೆ.
ಕ, ಅಂದೆ. ಕ, ಕ.
ಸಣ್ಣ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿ
ಭುಜಕ್ಕೆ ಭುಜ, ಕೊಂಬಿಗೆ ಚೌಕಟ್ಟು ಸಿಕ್ಕಿಕೊಂಡು
ಕ.
ಫ್ಯಾನು ತಿರುಗಿತು. ಕೆಳಗೆ ಯಾರೋ
ಆಧಾರ್ ಕಾರ್ಡಿನ ಎರಡು ಪ್ರತಿಗೆ ಕೂಗುತ್ತಿದ್ದರು.
ಯಾರೂ ನನ್ನ ಮಾತು ಮುಗಿಸಿಕೊಡಲಿಲ್ಲ.
ಭಟ ಈಟಿ ಊರಿಕೊಂಡು ಕಾದ.
ಕಾಟಿ, ಅಂದೆ ಕೊನೆಗೆ. ಇರುಳ. ಎರಡೂ.
ನಿಯಮವಿಲ್ಲ, ಎಂದ ಭಟ. ಬಾಗಿಲು ತೆರೆಯಲಿಲ್ಲ.
ಮುಂದಿನ ವಾರ ಗೋಡೆ ಹಾರುವುದೆಂದು ಬರೆದುಕೊಂಡೆವು.

ಬಸ್ ಸ್ಟ್ಯಾಂಡು. ಮನೆಯವರಿಟ್ಟ ಹೆಸರು ಕುಬೇರಪ್ಪ, ಊರು ಕೂಡ್ಲಿ,
ಎರಡೂ ಒಂದೇ ಅಕ್ಷರದ ಹಿಂದೆ ಕೂಡಿಹಾಕಿದವು.
ಹನ್ನೊಂದು ವರ್ಷದಿಂದ ಹೊಳೆಹೊನ್ನೂರಿಗೆ ಟಿಕೆಟ್ ತಗೊಂಡು
ಮೊದಲೇ ಇಳಿಯುತ್ತೇನೆ,
ಕುಬೇರನಲ್ಲವೇ, ಐದು ರೂಪಾಯಿ ಹೆಚ್ಚು ತೆತ್ತು.
ನಮ್ಮೂರಲ್ಲಿ ತುಂಗೆಯೂ ಬಿಟ್ಟುಕೊಡಲಿಲ್ಲ, ಭದ್ರೆಯೂ,
ಮುಂದಿನ ನೀರು ಎರಡು ಹೆಸರು ಹೊತ್ತೇ ಹೋಗುತ್ತದೆ.
ಭಟನಿಗೆ ಇದನ್ನು ಹೇಳಬಹುದಿತ್ತು.
ಹೊಳೆದದ್ದು ಬಸ್ಸಿನಲ್ಲಿ.

ಎಲ್ಲಿಗ್ರೀ?
ನಾಲಗೆಯ ಬುಡದಲ್ಲಿ ಬಿಸಿ ಉಸಿರು.
ಕ.
ಪಕ್ಕದ ಸೀಟಿನ ಹುಡುಗಿ ಕಿಸಕ್ಕೆಂದಳು.
ಕ, ಕ.
ಕಾಟಿಗೆ ಅವಸರವಿಲ್ಲ. ಅವಳ ಪೊಟ್ಟಣದ
ಹುರಿಗಡಲೆಯ ಉಪ್ಪು ಅದರ ಮೂಗಿಗೆ ಹತ್ತಿದೆ.
ಕೂಡ್ಲಿ, ಅಂದೆ.
ಟಿಕೆಟ್ಟಿನ ಬೆನ್ನಿಗೆ ಪೆನ್ನಿನಲ್ಲಿ ಐದು ಎಂದು ಗೀಚಿ
ಚಿಲ್ಲರೆ ಇಲ್ಲ, ಇಳಿಯೋವಾಗ ಕೇಳಿ ಇಸ್ಕೊಳ್ಳಿ, ಎಂದು
ಕಂಡಕ್ಟರ್ ಮುಂದೆ ಹೋದ.

ಕೇಳಬೇಕಂತೆ.
ಪಿಳ್ಳಂಗಿರಿ ದಾಟಿತು. ಜೇಬು ತಡಕಿದೆ,
ದಾಳ ಮಹಡಿಯಲ್ಲೇ ಉಳಿದಿತ್ತು.
ಐದು ರೂಪಾಯಿ ಕೊಡಿ. ಮನಸ್ಸಿನಲ್ಲೇ ಹೇಳಿ ನೋಡಿದೆ.
ಐದು ಸುಲಭ. ರೂಪಾಯಿಯೂ ಬರುತ್ತದೆ.
ಆಮೇಲಿನದರ ಹೊಸ್ತಿಲಲ್ಲಿ ಅದಾಗಲೇ ಬಂದು ನಿಂತಿತ್ತು,
ಬಾಲದಿಂದ ನೊಣ ಹೊಡೆದುಕೊಳ್ಳುತ್ತ.